ಕೆಜಿಎಫ್‌ನ ಪಾಳು ಗಣಿ ಕಟ್ಟಡಗಳನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನವನು. 18–55 ಕಿಟ್ ಲೆನ್ಸ್ ಇರುವ ಸಾಧಾರಣ ಡಿಎಸ್‌ಎಲ್‌ಆರ್ ಇದೆ. ಇಬ್ಬರು ಗೆಳೆಯರ ಜೊತೆ ಒಂದು ಭಾನುವಾರ ಕೆಜಿಎಫ್‌ಗೆ ಹೋಗಿ ಮುಚ್ಚಿದ ಗಣಿಗಳ ಕಟ್ಟಡಗಳ ಫೋಟೋ ತೆಗೆಯಬೇಕೆಂದಿದ್ದೇನೆ. ಅನುಮತಿ ಬೇಕೇ? ಎತ್ತರದ ಕಬ್ಬಿಣದ ಗೋಪುರಗಳು ನನ್ನ ಫೋಟೋಗಳಲ್ಲಿ ಯಾವಾಗಲೂ ಹಿಂದಕ್ಕೆ ವಾಲಿದಂತೆ ಬರುತ್ತವೆ, ಏನು ಮಾಡಲಿ? ಒಳಗೆ ಕತ್ತಲು, ಕಿಟಕಿಯಾಚೆ ಉರಿಬಿಸಿಲು ಇದ್ದಾಗ ಎರಡನ್ನೂ ಹಿಡಿಯುವುದು ಹೇಗೆ? ಡ್ರೋನ್ ಹಾರಿಸಬಹುದೇ?

ಉತ್ತರ: ಮೊದಲು ದಿನ ಬದಲಿಸಿ, ಭಾನುವಾರ ಬೇಡ. ಗಣಿ ಕಟ್ಟಡಗಳಲ್ಲಿ ಹೆಚ್ಚಿನವು, ಅವುಗಳ ಸುತ್ತಲಿನ ಜಾಗವೂ ಸೇರಿ, ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿಜಿಎಂಎಲ್) ಎಂಬ ಕೇಂದ್ರ ಸರ್ಕಾರದ ಕಂಪನಿಗೆ ಸೇರಿವೆ. 2001ರ ಫೆಬ್ರುವರಿ 28ರಂದು ಗಣಿ ಕೆಲಸ ನಿಂತಿತು. ಆದರೆ ಆಸ್ತಿ ವಾರಸುದಾರರಿಲ್ಲದೆ ಬಿದ್ದಿಲ್ಲ: ಬಿಜಿಎಂಎಲ್ ಕಚೇರಿ ಅಲ್ಲೇ ಇದೆ, ಕಾವಲಿನವರೂ ಇದ್ದಾರೆ. ಭಾನುವಾರ ಹೋದರೆ ಕಾವಲಿನವರು ಸಿಗುತ್ತಾರೆ, ಅನುಮತಿ ಕೊಡಬಲ್ಲ ಅಧಿಕಾರಿ ಸಿಗುವುದಿಲ್ಲ. ಹಾಗಾಗಿ ವಾರದ ನಡುವಿನ ಒಂದು ದಿನ ಆರಿಸಿಕೊಳ್ಳಿ, ಕನಿಷ್ಠ ಮೂರು ವಾರ ಮುಂಚೆ ಪತ್ರ ಬರೆಯಿರಿ.

ಪತ್ರ ಒಂದು ಪುಟ ಸಾಕು. ಬರುವವರ ಹೆಸರು, ಗುರುತಿನ ಚೀಟಿಯ ಪ್ರತಿ, ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಯಾವ ಯಾವ ಜಾಗ, ಏನೇನು ಸಲಕರಣೆ, ಫೋಟೋಗಳನ್ನು ಏನು ಮಾಡುತ್ತೀರಿ ಎಂಬುದೆಲ್ಲ ಅದರಲ್ಲಿರಲಿ. ‘ಶಾಫ್ಟ್‌ಗಳ (ಗಣಿಗೆ ಇಳಿಯುವ ಆಳದ ಬಾವಿಗಳ) ಹತ್ತಿರ ಹೋಗುವುದಿಲ್ಲ, ಬಿದ್ದ ಕಟ್ಟಡಗಳ ಒಳಗೆ ಹೋಗುವುದಿಲ್ಲ’ ಎಂದು ನೀವೇ ಬರೆದುಕೊಟ್ಟರೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು, ಏಕೆಂದರೆ ಅಧಿಕಾರಿಗಳ ಮೊದಲ ಚಿಂತೆ ಅದೇ. ‘ಗಣಿ ಪ್ರದೇಶ’ ಎಂದು ಗಾಳಿಯಲ್ಲಿ ಬರೆಯಬೇಡಿ. ‘ಚಾಂಪಿಯನ್ ರೀಫ್‌ನ ಇಂಥ ಶಾಫ್ಟಿನ ಹೆಡ್‌ಗೇರ್ (ಬಾಯಿಯ ಮೇಲಿನ ಗೋಪುರ), ಹೊರಗಿನಿಂದ’ ಎಂದು ಗುರುತಿಸಿ. ಒಪ್ಪಿಗೆ ಪತ್ರದ ಎರಡು ಪ್ರತಿ ಮುದ್ರಿಸಿಕೊಳ್ಳಿ. ಗೇಟಿನಲ್ಲಿ ಒಂದನ್ನು ಇಟ್ಟುಕೊಳ್ಳುವುದುಂಟು. ಅನುಮತಿಯಿಲ್ಲದೆ ಬೇಲಿ ದಾಟಿದರೆ ಅದು ಅತಿಕ್ರಮ ಪ್ರವೇಶವಾಗಬಹುದು, ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮು ಅನ್ವಯಿಸಬಹುದು. ಗಣಿಯೊಳಗಿನ ಲೋಹಕ್ಕೆ, ಗುಜರಿಗೆ ಕಳ್ಳರ ಕಾಟ ಇರುವ ಊರಿದು. ಚೀಲ ಹೊತ್ತ ಅಪರಿಚಿತರನ್ನು ಕಾವಲಿನವರು ಅನುಮಾನದಿಂದ ನೋಡುವುದರಲ್ಲಿ ತಪ್ಪಿಲ್ಲ. ಅಲ್ಲೇ ಇರುವ ಬೆಮೆಲ್ ಕಾರ್ಖಾನೆ ರಕ್ಷಣಾ ಇಲಾಖೆಗೆ ಸೇರಿದ್ದು. ಅದರ ಗೇಟು, ಕಾಂಪೌಂಡು, ಒಳಗಿನ ವಾಹನಗಳ ಕಡೆ ಕ್ಯಾಮೆರಾ ತಿರುಗಿಸಲೇಬೇಡಿ.

ಅನುಮತಿ ಸಿಗದಿದ್ದರೂ ಪ್ರಯಾಣ ವ್ಯರ್ಥವಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲು ಮಾರ್ಗ ಗಣಿಗಳ ಮಗ್ಗುಲಲ್ಲೇ ಸಾಗುತ್ತದೆ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ, ಹೀಗೆ ನಿಲ್ದಾಣಗಳ ಹೆಸರಿನಲ್ಲೇ ಗಣಿಗಳ ಸಾಲು ಇದೆ. ಸಾರ್ವಜನಿಕ ರಸ್ತೆಯಿಂದ ಹೆಡ್‌ಗೇರ್‌ಗಳು, ಸೈನೈಡ್ ದಿಬ್ಬಗಳು (ಚಿನ್ನ ತೆಗೆದು ಉಳಿದ ಮಣ್ಣಿನ ರಾಶಿಗಳು), ಹಳೆಯ ಬಂಗಲೆಗಳ ಮುಂಭಾಗ, ಚರ್ಚುಗಳು, ಕಾರ್ಮಿಕರ ಲೈನ್ ಮನೆಗಳು ಧಾರಾಳವಾಗಿ ಕಾಣುತ್ತವೆ. ಮೊದಲ ಭೇಟಿಗೆ ಇಷ್ಟೇ ಸಾಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಏನನ್ನು ತೆಗೆಯಬೇಕು ಎಂಬುದು. ಕೆಜಿಎಫ್‌ನ ಫೋಟೋಗಳಲ್ಲಿ ಹತ್ತಕ್ಕೆ ಒಂಬತ್ತು ಒಂದೇ ಥರ ಇರುತ್ತವೆ: ತುಕ್ಕು, ಬಿರುಕು ಗೋಡೆ, ಬೇರು, ಮುರಿದ ಕಿಟಕಿ. ಅದು ಗಣಿಯೋ, ಸಕ್ಕರೆ ಕಾರ್ಖಾನೆಯೋ, ಯಾವುದೋ ಶಾಲೆಯೋ ಹೇಳಲಾಗುವುದಿಲ್ಲ. ಇದಕ್ಕೆ ಮದ್ದು ಲೆನ್ಸಿನಲ್ಲಿಲ್ಲ. ಆ ಕಟ್ಟಡ ಏನು ಕೆಲಸ ಮಾಡುತ್ತಿತ್ತು ಎಂಬುದನ್ನು ತಿಳಿದು, ಆ ಕೆಲಸ ಚಿತ್ರದಲ್ಲಿ ಕಾಣುವಂಥ ಜಾಗದಲ್ಲಿ ನಿಲ್ಲಬೇಕು. ಅದಕ್ಕೆ ಒಳ್ಳೆಯ ಉಪಾಯವೆಂದರೆ ಅದಿರು ನಡೆದ ದಾರಿಯಲ್ಲೇ ನೀವೂ ನಡೆಯುವುದು. ಶಾಫ್ಟಿನಿಂದ ಕಲ್ಲು ಮೇಲೆ ಬರುತ್ತಿತ್ತು. ಅಲ್ಲಿಂದ ಪುಡಿಮಾಡುವ ಮಿಲ್‌ಗೆ ಹೋಗುತ್ತಿತ್ತು. ಪುಡಿಯಿಂದ ಚಿನ್ನ ಬಿಡಿಸಲು ಮೊದಲು ಪಾದರಸ, ಆಮೇಲೆ ಸೈನೈಡ್ ತೊಟ್ಟಿಗಳು. ಉಳಿದ ಮಣ್ಣು ದಿಬ್ಬಕ್ಕೆ. ಈ ಸರಪಳಿಯ ಒಂದೊಂದು ಕೊಂಡಿಯನ್ನೂ, ಅದರ ಹಿಂದಿನ ಮುಂದಿನ ಕೊಂಡಿ ಚೌಕಟ್ಟಿನ ಮೂಲೆಯಲ್ಲಾದರೂ ಕಾಣುವಂತೆ ತೆಗೆದರೆ, ಹನ್ನೆರಡು ಫೋಟೋಗಳಲ್ಲಿ ಇಡೀ ಗಣಿಯನ್ನು ಅರ್ಥ ಮಾಡಿಸಬಹುದು. ಇದರ ಪಕ್ಕದಲ್ಲೇ ಇನ್ನೊಂದು ದಾರಿಯಿದೆ, ಕಾರ್ಮಿಕರದ್ದು: ಲೈನ್ ಮನೆ, ಹಾಜರಿ ಹಾಕುವ ಟೈಮ್ ಆಫೀಸು, ದೀಪ ಕೊಡುವ ಲ್ಯಾಂಪ್ ರೂಂ, ಶಾಫ್ಟಿನ ಬಾಯಿ, ಆಸ್ಪತ್ರೆ, ಸ್ಮಶಾನ. ವಿದ್ಯುತ್ತಿನ ದಾರಿಯೂ ಉಂಟು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದದ್ದು ಈ ಗಣಿಗಳಿಗಾಗಿಯೇ. ನೀರು ಬಂದದ್ದು ಬೇತಮಂಗಲದ ಕೆರೆಯಿಂದ. ಕೆಜಿಎಫ್ ನೋಡಲು ಹೋಗುವವರು ಬೇತಮಂಗಲದ ಕಡೆ ಹೋಗುವುದು ಅಪರೂಪ, ನೀವು ಹೋಗಿ.

ನಿಮ್ಮ ಎರಡನೇ ಪ್ರಶ್ನೆಗೆ ಬರೋಣ. ಹೆಡ್‌ಗೇರ್ ಅಂದರೆ ಶಾಫ್ಟಿನ ಬಾಯಿಯ ಮೇಲೆ ನಿಲ್ಲಿಸಿದ ಉಕ್ಕಿನ ಚೌಕಟ್ಟು. ತುದಿಯಲ್ಲಿ ದೊಡ್ಡ ರಾಟೆ. ಸ್ವಲ್ಪ ದೂರದ ವೈಂಡಿಂಗ್ ಎಂಜಿನ್ ಮನೆಯಲ್ಲಿರುವ ಡ್ರಮ್ಮಿನಿಂದ ಹೊರಟ ಉಕ್ಕಿನ ಹಗ್ಗ ಈ ರಾಟೆ ಹತ್ತಿ ನೇರ ಶಾಫ್ಟಿಗೆ ಇಳಿಯುತ್ತಿತ್ತು. ಹಗ್ಗ ಒಂದು ಕಡೆ ಓರೆಯಾಗಿ, ಇನ್ನೊಂದು ಕಡೆ ನೇರ ಕೆಳಕ್ಕೆ ಎಳೆಯುವುದರಿಂದ ಇಡೀ ಗೋಪುರ ಎಂಜಿನ್ ಮನೆಯ ಕಡೆಗೆ ಜಗ್ಗುತ್ತದೆ. ಅದನ್ನು ತಡೆಯಲು ಹಿಂದಿನ ಎರಡು ಕಾಲುಗಳನ್ನು ಎಂಜಿನ್ ಮನೆಯ ಕಡೆಗೇ ಚಾಚಿ ಊರಿರುತ್ತಾರೆ. ಆದ್ದರಿಂದ ಹೆಡ್‌ಗೇರ್‌ನ ನಿಜವಾದ ಮುಖ ಅದರ ಪಾರ್ಶ್ವ. ಎಂಜಿನ್ ಮನೆ ಮತ್ತು ಹೆಡ್‌ಗೇರನ್ನು ಜೋಡಿಸುವ ಗೆರೆಗೆ ಲಂಬವಾಗಿ ನಿಂತರೆ ಚಾಚಿದ ಕಾಲು, ರಾಟೆ, ಹಗ್ಗ ಬರುತ್ತಿದ್ದ ಕಿಂಡಿ ಮೂರೂ ಒಂದೇ ಚಿತ್ರದಲ್ಲಿ ಬರುತ್ತವೆ. ಎದುರಿನಿಂದ ತೆಗೆದರೆ ಅದು ಬರಿಯ ಏಣಿಯಂತೆ ಕಾಣುತ್ತದೆ.

ಗೋಪುರ ಹಿಂದಕ್ಕೆ ವಾಲುವುದು ನೀವು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದ್ದರಿಂದ. ಸೆನ್ಸರ್ ನೆಲಕ್ಕೆ ಲಂಬವಾಗಿ ಇರುವವರೆಗೆ ನೇರ ಗೆರೆಗಳು ನೇರವಾಗಿಯೇ ಇರುತ್ತವೆ. ಎತ್ತದೆ ತುದಿಯನ್ನು ಹಿಡಿಯಬೇಕಾದರೆ ದೂರ ಹೋಗಬೇಕು. ಎಷ್ಟು ದೂರ ಎಂದು ಲೆಕ್ಕ ಹಾಕಬಹುದು. ನಿಮ್ಮ ಕ್ಯಾಮೆರಾದ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ. ಕ್ಯಾಮೆರಾ ಉದ್ದಕ್ಕೆ ತಿರುಗಿಸಿ, ಲೆನ್ಸನ್ನು 18ಕ್ಕೆ ಇಟ್ಟು, ಮಟ್ಟವಾಗಿ ಹಿಡಿದರೆ, ಕಣ್ಣಿನ ಮಟ್ಟದಿಂದ ಮೇಲೆ ಕಾಣುವ ಎತ್ತರವು ದೂರದ 0.65ರಷ್ಟು. ಗೋಪುರ 30 ಮೀಟರ್ ಇದೆ ಎಂದುಕೊಳ್ಳಿ. ಕ್ಯಾಮೆರಾ 1.6 ಮೀಟರ್ ಎತ್ತರದಲ್ಲಿದ್ದರೆ ಉಳಿದ 28.4 ಮೀಟರಿಗೆ ಸುಮಾರು 44 ಮೀಟರ್ ದೂರ ಬೇಕು. ತುದಿಯ ಮೇಲೆ ಒಂದಿಷ್ಟು ಆಕಾಶ ಇರಲಿ ಎಂದು 50 ಮೀಟರ್ ಇಟ್ಟುಕೊಳ್ಳಿ, ಅಂದರೆ ದೊಡ್ಡ ಹೆಜ್ಜೆಯಲ್ಲಿ ಅರವತ್ತೈದು ಎಪ್ಪತ್ತು ಹೆಜ್ಜೆ. ಚಿತ್ರದ ಕೆಳ ಅರ್ಧ ನೆಲವೇ ತುಂಬಿಕೊಂಡಿರುತ್ತದೆ. ಮನೆಗೆ ಬಂದು ಅದನ್ನು ಕತ್ತರಿಸಿ. 24 ಮೆಗಾಪಿಕ್ಸೆಲ್‌ನಲ್ಲಿ ಮೂರನೇ ಒಂದು ಭಾಗ ಹೋದರೂ ದೊಡ್ಡ ಪ್ರಿಂಟಿಗೆ ಸಾಕಾಗುವಷ್ಟು ಉಳಿಯುತ್ತದೆ. ಅಷ್ಟು ಹಿಂದೆ ಹೋಗಲು ಜಾಗವಿಲ್ಲದಿದ್ದರೆ ಸ್ವಲ್ಪ ಎತ್ತಿ ತೆಗೆದು ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡಬಹುದು. ಆದರೆ ಎರಡೂ ಪಕ್ಕದಲ್ಲಿ ಕಾಲುಭಾಗದಷ್ಟು ಖಾಲಿ ಬಿಟ್ಟು ತೆಗೆಯಿರಿ. ನೆಟ್ಟಗೆ ಮಾಡುವಾಗ ಎರಡೂ ಪಕ್ಕದ ಅಂಚುಗಳು ಕತ್ತರಿಸಿಹೋಗುತ್ತವೆ. ಹತ್ತು ಹನ್ನೆರಡು ಡಿಗ್ರಿಗಿಂತ ಹೆಚ್ಚು ಎತ್ತಿದ್ದನ್ನು ನೆಟ್ಟಗೆ ಮಾಡಿದರೆ ಗೋಪುರದ ತಲೆ ಹಿಗ್ಗಿ ವಿಕಾರವಾಗುತ್ತದೆ.

ಕಿಟ್ ಲೆನ್ಸಿನ ಇನ್ನೊಂದು ಗುಣ: 18ರಲ್ಲಿ ಅಂಚಿನ ನೇರ ಗೆರೆಗಳು ಹೊರಕ್ಕೆ ಉಬ್ಬುತ್ತವೆ. ಇಟ್ಟಿಗೆ ಸಾಲುಗಳಿರುವ ಗೋಡೆಯಲ್ಲಿ ಇದು ಎದ್ದು ಕಾಣುತ್ತದೆ. ಜಾಗವಿದ್ದರೆ 24ರ ಸುಮಾರಿಗೆ ಇಟ್ಟು ತೆಗೆಯಿರಿ, ಇಲ್ಲದಿದ್ದರೆ ಲೆನ್ಸ್ ಪ್ರೊಫೈಲ್ ತಿದ್ದುಪಡಿ ಹಾಕಿ. ಅಪರ್ಚರ್ ಎಫ್/8, ಐಎಸ್‌ಒ 100, ಟ್ರೈಪಾಡ್, ಎರಡು ಸೆಕೆಂಡ್ ಟೈಮರ್, ರಾ ಫೈಲ್. ಟ್ರೈಪಾಡ್ ಮೇಲಿರುವಾಗ ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿ. ಎಫ್/16, ಎಫ್/22ಕ್ಕೆ ಹೋಗಬೇಡಿ: ಚಿತ್ರ ಮೃದುವಾಗುತ್ತದೆ, ಸೆನ್ಸರ್ ಮೇಲಿನ ಪ್ರತಿ ಧೂಳಿನ ಕಣವೂ ಆಕಾಶದಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಉಕ್ಕಿನ ಜಾಲರಿಯ ಹಿಂದೆ ಬಿಳಿಚಿದ ಮೋಡ ಇದ್ದರೆ ತೆಳು ಪಟ್ಟಿಗಳು ಬೆಳಕಿನಲ್ಲಿ ಕರಗಿಹೋಗುತ್ತವೆ. ನೀಲಿ ಆಕಾಶ, ಪಕ್ಕದಿಂದ ಬಿಸಿಲು, ಇದು ಹೆಡ್‌ಗೇರ್‌ಗೆ ಸರಿಯಾದ ಹವೆ. ಪೋಲರೈಸರ್ (ಆಕಾಶದ ನೀಲಿಯನ್ನು ಗಾಢ ಮಾಡುವ ಫಿಲ್ಟರ್) ಹಾಕುವುದಾದರೆ 18ರಲ್ಲಿ ಆಕಾಶದ ಒಂದು ಭಾಗ ಕಡುನೀಲಿ, ಇನ್ನೊಂದು ಭಾಗ ತೆಳುವಾಗಿ ಪಟ್ಟೆ ಬೀಳುತ್ತದೆ. 35ರಿಂದ ಮೇಲೆ ಮಾತ್ರ ಬಳಸಿ.

ಬಿಸಿಲು ಎಲ್ಲಿಂದ ಬೀಳುತ್ತದೆ ಎಂಬುದನ್ನು ಹೊರಡುವ ಮುಂಚೆಯೇ ತಿಳಿದಿರಬೇಕು, ಏಕೆಂದರೆ ಉತ್ತರ ದೇಶಗಳವರು ಬರೆದ ಫೋಟೋಗ್ರಫಿ ಪಾಠಗಳು ಇಲ್ಲಿಗೆ ಹೊಂದುವುದಿಲ್ಲ. ಕೆಜಿಎಫ್ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೇ ವಾರದಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗಿರುತ್ತಾನೆ. ಜೂನಿನಲ್ಲಿ ಹುಟ್ಟುವುದು ನೇರ ಪೂರ್ವದಿಂದ 24 ಡಿಗ್ರಿಯಷ್ಟು ಉತ್ತರಕ್ಕೆ. ಅಂದರೆ ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ಬಿಸಿಲು ಬೇಕಿದ್ದರೆ ಮೇ, ಜೂನ್, ಜುಲೈಯಲ್ಲೇ ಹೋಗಬೇಕು. ಡಿಸೆಂಬರಿನಲ್ಲಿ ಅದು ಇಡೀ ದಿನ ನೆರಳಲ್ಲಿರುತ್ತದೆ. ಡಿಸೆಂಬರ್ 21ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆಗ ಮಧ್ಯಾಹ್ನ ಹನ್ನೆರಡಕ್ಕೂ ದಕ್ಷಿಣದ ಗೋಡೆಯ ಕಟ್ಟು, ಕಮಾನು, ಗಾರೆಯ ಉಬ್ಬುತಗ್ಗು ಚೆನ್ನಾಗಿ ಮೂಡುತ್ತವೆ. ಒಂದೇ ದಿನ ಹೋಗಿ ಬರುವವರಿಗೆ ಡಿಸೆಂಬರ್, ಜನವರಿಯೇ ಸರಿ. ಬೆಳಗ್ಗೆ ಮಂಜು ಇದ್ದರೆ ದೂರದ ಹೆಡ್‌ಗೇರ್‌ಗಳು ಒಂದರ ಹಿಂದೆ ಒಂದು ಪದರ ಪದರವಾಗಿ ಸಿಗುತ್ತವೆ. ಅಕ್ಟೋಬರಿನಲ್ಲಿ ಹಸಿರು ಚೆಂದ ಕಾಣುತ್ತದೆ ನಿಜ, ಆದರೆ ಲಂಟಾನ ಪೊದೆ, ಆಳೆತ್ತರದ ಹುಲ್ಲು ಕಟ್ಟಡದ ಕೆಳ ಅರ್ಧವನ್ನು ನುಂಗಿರುತ್ತವೆ, ನೆಲದ ಗುಂಡಿಗಳನ್ನೂ ಮುಚ್ಚಿರುತ್ತವೆ.

ಒಳಗೆ ಕತ್ತಲು, ಹೊರಗೆ ಬಿಸಿಲಿನ ಪ್ರಶ್ನೆ. ಕಿಟಕಿಯಾಚೆಯ ದೃಶ್ಯಕ್ಕೆ ಎಫ್/8, ಐಎಸ್‌ಒ 100ರಲ್ಲಿ ಸುಮಾರು 1/250 ಅಥವಾ 1/500 ಸಾಕಾದರೆ, ಕೋಣೆಯ ಮೂಲೆಗೆ ಅರ್ಧದಿಂದ ಒಂದು ಸೆಕೆಂಡ್ ಬೇಕಾಗಬಹುದು. ಎಂಟು ಸ್ಟಾಪ್ ಅಂತರ ಇದು (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು). ಒಂದೇ ಫೋಟೋದಲ್ಲಿ ತುಂಬಲು ಹೋದರೆ ಕಿಟಕಿ ಸುಟ್ಟುಹೋಗುತ್ತದೆ ಅಥವಾ ನೆರಳಿನಲ್ಲಿ ಕಾಳುಕಾಳು ಬರುತ್ತದೆ. ಟ್ರೈಪಾಡ್ ಇಟ್ಟು ಐದು ಫೋಟೋ ತೆಗೆದು, ಆಮೇಲೆ ಸಾಫ್ಟ್‌ವೇರಿನಲ್ಲಿ ಒಂದಾಗಿ ಜೋಡಿಸಿ: 1/250, 1/60, 1/15, 1/4, 1 ಸೆಕೆಂಡ್. ನಿಮ್ಮ ಕ್ಯಾಮೆರಾದ ಬ್ರಾಕೆಟಿಂಗ್ (ಬೇರೆ ಬೇರೆ ಎಕ್ಸ್‌ಪೋಷರಿನಲ್ಲಿ ಸಾಲಾಗಿ ತೆಗೆಯುವ ಸೌಲಭ್ಯ) ಮೂರೇ ಫೋಟೋಗೆ ನಿಲ್ಲುವುದಾದರೆ ಎರಡು ಸ್ಟಾಪ್ ಅಂತರ ಇಟ್ಟು ಎರಡು ಸಲ ಮಾಡಿ. ಮೊದಲು 1/60 ನಡುವೆ, ಆಮೇಲೆ 1/4 ಸೆಕೆಂಡ್ ನಡುವೆ. 1/15 ಎರಡು ಸಲ ಬರುತ್ತದೆ, ಅಷ್ಟೆ. ಫೋಕಸ್ ಒಮ್ಮೆ ಹಿಡಿದು ಮ್ಯಾನ್ಯುಯಲ್‌ಗೆ ಹಾಕಿ, ಇಲ್ಲದಿದ್ದರೆ ಕತ್ತಲ ಫೋಟೋದಲ್ಲಿ ಲೆನ್ಸ್ ತಡಕಾಡಿ ಫೋಕಸ್ ಬದಲಾಗುತ್ತದೆ. ಅಪರ್ಚರನ್ನು ಮುಟ್ಟಬೇಡಿ, ಶಟರ್ ಮಾತ್ರ ಬದಲಾಗಲಿ. ವೈಟ್ ಬ್ಯಾಲೆನ್ಸನ್ನು 5500ಕ್ಕೆ ನಿಲ್ಲಿಸಿ. ಗಿಡಬಳ್ಳಿ ಮುಚ್ಚಿದ ಕಿಟಕಿಯಿಂದ ಬರುವ ಬೆಳಕು ಹಸಿರು, ಆಟೋದಲ್ಲಿ ಒಂದೊಂದು ಫೋಟೋಗೂ ಒಂದೊಂದು ಬಣ್ಣ ಬಂದು ಜೋಡಿಸುವಾಗ ಗೋಡೆ ತೇಪೆ ತೇಪೆಯಾಗುತ್ತದೆ.

ಜೋಡಿಸುವಾಗ ಒಂದು ಮಾತು ನೆನಪಿಡಿ: ಕಿಟಕಿ ಕೋಣೆಗಿಂತ ಬೆಳಗಿರಲೇಬೇಕು. ಹೊರಗಿನ ಮರದ ಎಲೆ ಎಲೆಯೂ, ಒಳಗಿನ ಮೂಲೆಯ ಜೇಡರ ಬಲೆಯೂ ಒಂದೇ ಪ್ರಕಾಶದಲ್ಲಿ ಕಾಣುವಂತೆ ಎಳೆದರೆ ಕೋಣೆ ಬಣ್ಣ ಬಳಿದ ರಟ್ಟಿನಂತೆ ಕಾಣುತ್ತದೆ. ಹೊರಗಿನದು ಒಂದೂವರೆ ಎರಡು ಸ್ಟಾಪ್ ಹೆಚ್ಚು ಇರಲಿ. ಇದಕ್ಕಿಂತ ಸುಲಭದ ದಾರಿ ಬೆಳಕು ತಾನೇ ತಗ್ಗಿದ ಹೊತ್ತನ್ನು ಆರಿಸುವುದು. ಮೋಡ ಕವಿದಾಗ, ಇಲ್ಲವೇ ಚಳಿಗಾಲದಲ್ಲಿ ಉತ್ತರದ ಕಿಟಕಿಗಳಿರುವ ಕೋಣೆಯಲ್ಲಿ ಅಂತರ ಐದು ಸ್ಟಾಪಿಗೆ ಇಳಿಯಬಹುದು. ಆಗ ಮೂರು ಫೋಟೋ ಸಾಕು. ಮುಸ್ಸಂಜೆಯಲ್ಲೂ ಅಂತರ ಇಳಿಯುತ್ತದೆ, ಆದರೆ ಈ ಅಕ್ಷಾಂಶದಲ್ಲಿ ಸೂರ್ಯ ಮುಳುಗಿ ಇಪ್ಪತ್ತೆರಡು ನಿಮಿಷದಲ್ಲಿ ಕತ್ತಲಾಗುತ್ತದೆ. ಆ ಹೊತ್ತಿಗೆ ನೀವು ಗಣಿ ಜಾಗದಿಂದ ಹೊರಗಿರಬೇಕು. ಫ್ಲಾಶ್ ಬೇಡ, ಗಾರೆಯ ಪದರಗಳೆಲ್ಲ ಚಪ್ಪಟೆಯಾಗುತ್ತವೆ.

ಇವೆಲ್ಲವನ್ನೂ ಬಾಗಿಲ ಹೊಸ್ತಿಲಲ್ಲಿ ನಿಂತೇ ಮಾಡಬಹುದು, ಹಾಗೆಯೇ ಮಾಡಿ. ಟ್ರೈಪಾಡನ್ನು ಬಾಗಿಲ ಚೌಕಟ್ಟಿನ ಹೊರಗೆ ಇಟ್ಟು 18ರಲ್ಲಿ ತೆಗೆದರೆ ಸಾಧಾರಣ ಕೋಣೆ ಪೂರ್ತಿ ಬರುತ್ತದೆ. ಒಳಗೆ ಏಕೆ ಕಾಲಿಡಬಾರದು ಎಂಬುದಕ್ಕೆ ಕಟ್ಟಡದ ರಚನೆಯೇ ಕಾರಣ. ಈ ಕಾಲದ ಕಟ್ಟಡಗಳಲ್ಲಿ ಹಲವಕ್ಕೆ ಮದ್ರಾಸ್ ತಾರಸಿ ಇರುತ್ತದೆ: ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಕೂರಿಸಿರುತ್ತಾರೆ. ತೊಲೆಯ ನಡುಭಾಗ ಗಟ್ಟಿಯಾಗಿ ಕಾಣುತ್ತಿದ್ದರೂ ಗೋಡೆಯೊಳಗೆ ಹುದುಗಿದ ತುದಿ ಮಳೆನೀರು ಇಂಗಿ ಕೊಳೆತಿರುತ್ತದೆ, ಇಲ್ಲವೇ ಗೆದ್ದಲು ತಿಂದಿರುತ್ತದೆ. ಹೊರಗಿನಿಂದ ಅದು ಗೊತ್ತಾಗುವುದೇ ಇಲ್ಲ. ಬಿದ್ದರೆ ಇಡೀ ತೊಲೆಯೂ ಮೇಲಿನ ಭಾರವೂ ಒಟ್ಟಿಗೆ ಬೀಳುತ್ತವೆ. ಗೋಡೆಯಲ್ಲಿ ತೊಲೆ ಸೇರುವ ಜಾಗದ ಕೆಳಗೆ ಕಂದು ನೀರಿನ ಕಲೆ, ನೆಲದ ಮೇಲೆ ಹೊಸದಾಗಿ ಉದುರಿದ ಇಟ್ಟಿಗೆ ಚೂರು ಕಂಡರೆ ಬಾಗಿಲಿಂದಲೂ ಎರಡು ಮೀಟರ್ ಹಿಂದೆ ಸರಿಯಿರಿ. ಮರದ ಮಹಡಿಯ ನಿಯಮ ಇನ್ನೂ ಸರಳ: ಅದರ ಅಡಿಭಾಗ ನಿಮಗೆ ಕಂಡಿಲ್ಲವಾದರೆ ಮೇಲೆ ಹೆಜ್ಜೆ ಇಡಬೇಡಿ. ಸಿಮೆಂಟ್ ಶೀಟು ಮುರಿದು ಬಿದ್ದಿದ್ದರೆ ತುಳಿಯಬೇಡಿ, ಹಳೆಯ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಮಿಲ್ ಮನೆಯ ನೆಲದಲ್ಲಿ, ತೊಟ್ಟಿಗಳ ತಳದಲ್ಲಿ ಉಳಿದ ಕೆಸರು, ಡ್ರಮ್ಮುಗಳು, ನಿಂತ ನೀರು ಯಾವುದನ್ನೂ ಮುಟ್ಟಬೇಡಿ.

ಶಾಫ್ಟಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಇಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಗಿತ್ತು. ಪಂಪುಗಳು ನಿಂತ ಮೇಲೆ ನೀರು ತುಂಬಿದೆ. ಹೆಡ್‌ಗೇರ್ ನಿಂತಿರುವುದೇ ಶಾಫ್ಟಿನ ಬಾಯಿಯ ಮೇಲೆ. ಬೇಲಿ ಕಿತ್ತುಹೋಗಿದ್ದರೂ ಅದರ ಕಾಲುಗಳ ನಡುವಿನ ಚೌಕದೊಳಗೆ ಕಾಲಿಡಲೇಬಾರದು. ಮುಚ್ಚಳವಾಗಿ ಹಾಕಿದ ತಗಡು ಹುಲ್ಲಿನ ಕೆಳಗೆ ತುಕ್ಕು ಹಿಡಿದು ಕಾಗದದಷ್ಟು ತೆಳುವಾಗಿರಬಹುದು. ಬಾಯಿಯ ಅಂಚಿನ ಮಣ್ಣೂ ಒಳಗೆ ಕುಸಿಯುತ್ತಿರುತ್ತದೆ. ಗಣಿಯೊಳಗಿನ ಹಳಸಿದ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಮಳೆಗೆ ಮುಂಚೆ ವಾಯುಭಾರ ಇಳಿದಾಗ ಆ ಗಾಳಿ ಬಾಯಿಯಿಂದ ಹೊರಕ್ಕೂ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಮುನ್ಸೂಚನೆಯಿಲ್ಲ. 2020ರಲ್ಲಿ ಮಾರಿಕುಪ್ಪಂ ಕಡೆಯ ಹಳೆಯ ಗಣಿಯೊಂದಕ್ಕೆ ಕಳ್ಳತನಕ್ಕೆಂದು ಇಳಿದವರು ಅಲ್ಲೇ ಸತ್ತರು. ಫೋಟೋಗೆ ಶಾಫ್ಟಿನ ಕತ್ತಲೆ ಬೇಕಿಲ್ಲ. ಬಗ್ಗಿ ನೋಡಿ ತೆಗೆದ ಕಪ್ಪು ಚೌಕ ಯಾರಿಗೂ ಏನನ್ನೂ ಹೇಳುವುದಿಲ್ಲ.

ಇನ್ನು ಜೇನು. ಹೆಡ್‌ಗೇರ್‌ನ ಅಡ್ಡಪಟ್ಟಿ, ನೀರಿನ ಟ್ಯಾಂಕಿನ ಅಡಿ, ಎತ್ತರದ ಸೂರು ಹೆಜ್ಜೇನಿಗೆ ಇಷ್ಟದ ಜಾಗ. ಹತ್ತಿರ ಹೋಗುವ ಮುಂಚೆ ಲೆನ್ಸನ್ನು 55ಕ್ಕೆ ಇಟ್ಟು ದೂರದಿಂದಲೇ ಒಂದು ಫೋಟೋ ತೆಗೆದು, ಪರದೆಯಲ್ಲಿ ಹಿಗ್ಗಿಸಿ ನೋಡಿ. ಕಪ್ಪು ಜೋಲುಬಿದ್ದ ಅರ್ಧಚಂದ್ರ ಕಂಡರೆ ಆ ಗೋಪುರಕ್ಕೆ ದೂರದ ಫೋಟೋ ಮಾತ್ರ. ಅತ್ತರು ಹಾಕಿಕೊಂಡು ಹೋಗಬೇಡಿ, ಕೆಳಗೆ ಸಿಗರೇಟು ಸೇದಬೇಡಿ. ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು, ಸಲಕರಣೆ ಬಿಟ್ಟು ಓಡಬೇಕು. ಹಾವಿನ ಮಟ್ಟಿಗೆ, ಕೊಳಕುಮಂಡಲ ಒಣ ಹುಲ್ಲಿನಲ್ಲೂ ಇಟ್ಟಿಗೆ ಗುಡ್ಡೆಯಲ್ಲೂ ಕಾಣದಂತೆ ಬೆರೆತಿರುತ್ತದೆ. ಕಣಕಾಲು ಮುಚ್ಚುವ ಶೂ ಹಾಕಿ, ನೆಲಕ್ಕೆ ಕೋಲು ಕುಟ್ಟುತ್ತ ನಡೆಯಿರಿ, ಟ್ರೈಪಾಡ್ ಇಡುವ ಮುಂಚೆ ಮೂರು ಕಾಲಿನ ಜಾಗವನ್ನೂ ನೋಡಿ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಯಾವುದೂ ಬೇಡ. ಕಾಲು ಅಲುಗಿಸದೆ 108ಕ್ಕೆ ಕರೆ ಮಾಡಿ. ಮೂವರಿದ್ದೀರಿ, ಒಳ್ಳೆಯದು. ಒಬ್ಬರು ಫೋಟೋ ತೆಗೆಯುವಾಗ ಒಬ್ಬರು ಕ್ಯಾಮೆರಾ ನೋಡದೆ ಸುತ್ತಮುತ್ತ ನೋಡುತ್ತಿರಬೇಕು.

ಸೈನೈಡ್ ದಿಬ್ಬಗಳು ಪ್ರತ್ಯೇಕ ವಿಷಯ. ಹೆಸರು ಕೇಳಿ ಹೆದರುವವರು ಸೈನೈಡಿಗೆ ಹೆದರುತ್ತಾರೆ. ಆದರೆ ದಿನದ ಭೇಟಿಯಲ್ಲಿ ನಿಮಗೂ ಕ್ಯಾಮೆರಾಗೂ ಮೊದಲ ಶತ್ರು ಹಿಟ್ಟಿನಷ್ಟು ನುಣ್ಣಗಿನ ಕಲ್ಲಿನ ಧೂಳು. ಅದರಲ್ಲಿ ಸಿಲಿಕಾ ಇದೆ. ಗಣಿಯೊಳಗೆ ಇದೇ ಧೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಹತ್ತಿದ ಕಾರ್ಮಿಕರು ಈ ಊರಿನಲ್ಲಿ ಬಹಳ. ಗಾಳಿ ಬೀಸುವ ದಿನ ದಿಬ್ಬದ ಕೆಳಗಾಳಿಯ ಕಡೆ ನಿಲ್ಲಬೇಡಿ, ಎನ್-95 ಮಾಸ್ಕ್ ಹಾಕಿ. ಆ ಜಾಗದಲ್ಲಿ ಲೆನ್ಸ್ ಬದಲಿಸಲೇಬೇಡಿ. ಮಳೆ ಕೊರೆದ ಸೀಳುಗಳ ಅಂಚು ಒಳಗೆ ಪೊಳ್ಳಾಗಿರುತ್ತದೆ, ಮೇಲೆ ಹತ್ತಿದರೆ ಕುಸಿಯುತ್ತದೆ. ರಸ್ತೆಯಿಂದ, ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆಯಲ್ಲಿ, ಪಕ್ಕದ ಬೆಳಕಿನಲ್ಲಿ ತೆಗೆದರೆ ಆ ಸೀಳುಗಳ ನೆರಳೇ ಚಿತ್ರವಾಗುತ್ತದೆ. ತಿಳಿಬಣ್ಣದ ಮಣ್ಣು ಚೌಕಟ್ಟು ತುಂಬಿದಾಗ ಕ್ಯಾಮೆರಾ ಫೋಟೋವನ್ನು ಮಂಕು ಮಾಡುತ್ತದೆ, ಎಕ್ಸ್‌ಪೋಷರನ್ನು +0.7ರಿಂದ +1ರಷ್ಟು ಹೆಚ್ಚಿಸಿ, ಹಿಸ್ಟೋಗ್ರಾಂ (ಪರದೆಯಲ್ಲಿ ಕಾಣುವ ಬೆಳಕಿನ ನಕ್ಷೆ) ಬಲ ಅಂಚು ಮುಟ್ಟದಂತೆ ನೋಡಿಕೊಳ್ಳಿ. ಚೌಕಟ್ಟಿನಲ್ಲಿ ಒಂದು ಮನೆಯೋ, ವಿದ್ಯುತ್ ಕಂಬವೋ ಇರಲಿ, ಇಲ್ಲವಾದರೆ ದಿಬ್ಬದ ಗಾತ್ರ ತಿಳಿಯುವುದಿಲ್ಲ. ಈ 13 ದಿಬ್ಬಗಳ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯಲು 2024ರ ಜೂನಿನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಕೆಲಸ ಶುರುವಾದರೆ ಈ ಆಕಾರಗಳು ಉಳಿಯುವುದಿಲ್ಲ, ಆದ್ದರಿಂದ ದಾಖಲೆಯ ದೃಷ್ಟಿಯಲ್ಲಿ ಮೊದಲ ಸ್ಥಾನ ಇವಕ್ಕೇ ಕೊಡುತ್ತೇನೆ. ಸಂಜೆ ಮನೆಗೆ ಬಂದ ಮೇಲೆ ಟ್ರೈಪಾಡ್ ಕಾಲುಗಳನ್ನು ಪೂರ್ತಿ ಎಳೆದು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಮಡಚಿ. ಧೂಳಿನೊಂದಿಗೆ ಮಡಚಿದರೆ ಲಾಕ್‌ಗಳ ಎಳೆ ಸವೆಯುತ್ತದೆ. ಲೆನ್ಸನ್ನು ಮೊದಲು ಬ್ಲೋವರ್‌ನಿಂದ ಊದಿ, ಆಮೇಲಷ್ಟೇ ಬಟ್ಟೆ. ಸಿಲಿಕಾ ಗಾಜಿನ ಲೇಪವನ್ನು ಗೀರುತ್ತದೆ.

‘ಪಾಳುಬಿದ್ದ’ ಎಂಬ ಪದವನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಡಿ. ಕೆಜಿಎಫ್ ಭೂತನಗರ ಅಲ್ಲ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಗಿಜಿಗುಟ್ಟುತ್ತವೆ; ಸಾವಿರಾರು ಜನ ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ. ಬಿರುಕು ಬಿಟ್ಟ, ಅರ್ಧ ಸೂರು ಹೋದ ಲೈನ್ ಮನೆಯಲ್ಲೂ ಒಂದು ಸಂಸಾರ ಇರಬಹುದು. ಬಾಗಿಲ ಮುಂದೆ ರಂಗೋಲಿ, ನೀರಿನ ಕೊಡ, ಒಣಹಾಕಿದ ಬಟ್ಟೆ ಇದ್ದರೆ ಅದು ಮನೆ, ಕೇಳದೆ ಕ್ಯಾಮೆರಾ ಎತ್ತುವಂತಿಲ್ಲ. ಹೆಚ್ಚಿನವರ ಮನೆಮಾತು ತಮಿಳು, ತೆಲುಗಿನವರೂ ಇದ್ದಾರೆ; ಕನ್ನಡ ಬಹುತೇಕರಿಗೆ ಬರುತ್ತದೆ. ‘ಅಣ್ಣಾ, ಫೋಟೋ ಎಡುಕ್ಕಲಾಮಾ?’ ಎಂದು ಕೇಳಿದರೆ ಮುಖ ಅರಳುತ್ತದೆ. ವಯಸ್ಸಾದವರು ಸಿಕ್ಕರೆ ಕ್ಯಾಮೆರಾ ಬದಿಗಿಟ್ಟು, ‘ಈ ಕಟ್ಟಡದಲ್ಲಿ ಏನು ಕೆಲಸ ನಡೀತಿತ್ತು?’ ಎಂದು ಕೇಳಿ. ಕಾಗದಪತ್ರಗಳಲ್ಲಿ ಇಲ್ಲದ ಉತ್ತರ ಸಿಗುತ್ತದೆ, ನಿಮ್ಮ ಫೋಟೋದ ಶೀರ್ಷಿಕೆ ಅದೇ ಆಗುತ್ತದೆ. ಅವರ ಬಾಕಿ ಹಣ, ಮನೆಯ ಹಕ್ಕಿನ ಗೋಳು ಹೇಳಿಕೊಂಡರೆ ಪೂರ್ತಿ ಕೇಳಿ. ನಿಮ್ಮಿಂದ ಆಗದ ಭರವಸೆ ಕೊಡಬೇಡಿ. ತೆಗೆದ ಫೋಟೋದ ಒಂದು ಪ್ರಿಂಟನ್ನು ಕಳಿಸಿಕೊಡಿ.

ಮನೆಯಲ್ಲಿ ಯಾರಾದರೂ ಹಳೆಯ ಫೋಟೋ ತೋರಿಸಿದರೆ, ಅದೇ ಜಾಗದಿಂದ ಮತ್ತೆ ತೆಗೆಯುವುದು ಬಹಳ ಬೆಲೆಯುಳ್ಳ ಕೆಲಸ. ಜಾಗ ಹುಡುಕುವ ವಿಧಾನ ಹೀಗಿದೆ. ಹಳೆಯ ಚಿತ್ರದಲ್ಲಿ ಹತ್ತಿರದ ಒಂದು ವಸ್ತುವಿನ ಅಂಚು ದೂರದ ಯಾವ ವಸ್ತುವನ್ನು ಮುಟ್ಟುತ್ತಿದೆ ಎಂದು ನೋಡಿ, ಉದಾಹರಣೆಗೆ ಗೋಡೆಯ ಮೂಲೆಯೂ ಹೆಡ್‌ಗೇರ್‌ನ ಕಾಲೂ. ನೀವು ಎಡಬಲಕ್ಕೆ ಸರಿಯುತ್ತ ಅವೆರಡೂ ಹಾಗೆಯೇ ಕೂಡುವ ಗೆರೆಯನ್ನು ಹಿಡಿಯಿರಿ. ಇಂಥ ಇನ್ನೊಂದು ಜೋಡಿ ಚಿತ್ರದ ಮತ್ತೊಂದು ಬದಿಯಲ್ಲಿ ಬೇಕು. ಎರಡು ಗೆರೆಗಳು ಕೂಡುವಲ್ಲಿ ಹಳೆಯ ಕ್ಯಾಮೆರಾ ಇತ್ತು. ಲೆನ್ಸ್ ಯಾವುದಾದರೂ ಆಗಲಿ, ಜಾಗ ಸರಿಯಾಗಿದ್ದರೆ ಕತ್ತರಿಸಿದಾಗ ಎರಡೂ ಹೊಂದುತ್ತವೆ.

ಕಟ್ಟಡವೊಂದಕ್ಕೆ ಕನಿಷ್ಠ ಮೂರು ಥರದ ಫೋಟೋ ಬೇಕು: ಮುಂಭಾಗ ನೇರವಾಗಿ, ಎರಡು ಗೋಡೆ ಕಾಣುವಂತೆ ಮೂಲೆಯಿಂದ, ಮತ್ತು ಒಂದೆರಡು ವಿವರಗಳು. ನೇರ ಫೋಟೋದಲ್ಲಿ ಅಳತೆಗೆ ಎರಡು ಮೀಟರಿನ ಕೋಲನ್ನು ಗೋಡೆಗೆ ಒರಗಿಸಿ ಒಂದು, ಇಲ್ಲದೆ ಒಂದು. ಪಿವಿಸಿ ಪೈಪಿಗೆ ಇಪ್ಪತ್ತು ಸೆಂಟಿಮೀಟರಿಗೊಮ್ಮೆ ಕಪ್ಪು ಬಿಳಿ ಟೇಪು ಸುತ್ತಿದರೆ ಕೋಲು ಸಿದ್ಧ. ಊರು, ಗಣಿ, ಕಟ್ಟಡ, ಯಾವ ದಿಕ್ಕಿನ ಮುಖ, ದಿನಾಂಕ, ಗಂಟೆ ಇಷ್ಟನ್ನು ಅಂದೇ ರಾತ್ರಿ ಬರೆದಿಡಿ. ಆದರೆ ಇಂಟರ್‌ನೆಟ್ಟಿಗೆ ಹಾಕುವಾಗ ಫೈಲಿನಿಂದ ಜಿಪಿಎಸ್ ತೆಗೆದುಬಿಡಿ, ಉಳಿದಿರುವ ಯಂತ್ರ, ತಾಮ್ರ, ಹಿತ್ತಾಳೆಯ ಹತ್ತಿರದ ಫೋಟೋಗಳನ್ನು ಹಾಕಲೇಬೇಡಿ. ಗುಜರಿ ಕಳ್ಳರಿಗೆ ಅವು ಪಟ್ಟಿಯಾಗುತ್ತವೆ.

ಡ್ರೋನ್ ಬಗ್ಗೆ: 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ ಡ್ರೋನ್‌ಗೆ ನಾಗರಿಕ ವಿಮಾನಯಾನ ಇಲಾಖೆಯ ತಾಣದಲ್ಲಿ ನೋಂದಣಿ ಮಾಡಿಸಿ ಗುರುತಿನ ಸಂಖ್ಯೆ ಪಡೆದಿರಬೇಕು. ಎರಡು ಕಿಲೋ ಒಳಗಿನದನ್ನು ವ್ಯಾಪಾರಕ್ಕಲ್ಲದೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಸರ್ಕಾರದ ಡ್ರೋನ್ ನಕ್ಷೆಯ ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಅವಕಾಶ, ಹಳದಿ ಮತ್ತು ಕೆಂಪು ವಲಯಗಳಿಗೆ ಮುಂಚಿತ ಅನುಮತಿ ಬೇಕು. ವಲಯದ ನಕ್ಷೆ ಬದಲಾಗುತ್ತಿರುತ್ತದೆ, ಹೋಗುವ ದಿನ ಬೆಳಗ್ಗೆಯೇ ನೋಡಿ. ನಕ್ಷೆ ಹಸಿರಿದ್ದರೂ ಬೆಮೆಲ್ ಕಾರ್ಖಾನೆಯ ಕಡೆ ಹಾರಿಸಬೇಡಿ. ಬಿಜಿಎಂಎಲ್ ಜಾಗದ ಮೇಲೆ ಹಾರಿಸುವುದಾದರೆ ಪತ್ರದಲ್ಲಿ ಡ್ರೋನ್ ಎಂದು ಬೇರೆಯಾಗಿ ನಮೂದಿಸಿ ಒಪ್ಪಿಗೆ ಪಡೆಯಿರಿ. ಹೆಜ್ಜೇನು ಇರುವ ಹೆಡ್‌ಗೇರ್ ಹತ್ತಿರ ಡ್ರೋನಿನ ಸದ್ದು ಕೆಳಗೆ ನಡೆದಾಡುವ ಊರಿನವರಿಗೂ ಅಪಾಯ ತರುತ್ತದೆ. ಉಕ್ಕಿನ ರಚನೆಯ ಪಕ್ಕ ಡ್ರೋನಿನ ದಿಕ್ಸೂಚಿ ತಪ್ಪುವುದುಂಟು, ಆದ್ದರಿಂದ ಮೂವತ್ತು ಮೀಟರಿಗಿಂತ ಹತ್ತಿರ ಒಯ್ಯಬೇಡಿ. ತುಕ್ಕು ಹಿಡಿದ ತಗಡು, ಮ್ಯಾನ್‌ಹೋಲ್ ಮುಚ್ಚಳದ ಮೇಲಿಂದ ಏರಿಸಲೂ ಬೇಡಿ.